ಬೇಡ ಎಂದವಳಿಗೆ

ಅಕ್ಕಾ,

ನೀನು ತೀರಿಹೋದ ಮೇಲೆ, ನಿನ್ನ ಪಾಸ್‌ವರ್ಡ್‌ಗಳನ್ನೆಲ್ಲ ಇಟ್ಟಿರುವ ಆ್ಯಪ್ ತೆರೆಯಲು ಅನುಮತಿ ಕೇಳಿದ್ದೆ. ನಿನಗೇನಾದರೂ ಆದರೆ ಇರಲಿ ಎಂದು ನನ್ನ ಹೆಸರನ್ನು ಅದರಲ್ಲಿ ನೀನೇ ಸೇರಿಸಿದ್ದೆಯಲ್ಲ. ವಾರದೊಳಗೆ ನೀನು ಬೇಡ ಎನ್ನದಿದ್ದರೆ ಅದು ತಾನಾಗಿ ತೆರೆದುಕೊಳ್ಳಬೇಕಿತ್ತು.

ನಿನ್ನೆ ಉತ್ತರ ಬಂತು: ‘ಖಾತೆದಾರರು ನಿರಾಕರಿಸಿದ್ದಾರೆ.’ ನಿನ್ನ ಫೋನ್ ಸ್ವಿಚ್ ಆಫ್ ಮಾಡಿದ್ದು ಹಾಗೆಯೇ ನನ್ನ ಬೀರುವಿನಲ್ಲಿದೆ.

ಭಾವನಿಗೆ ತೋರಿಸಿದೆ. “ಯಾವನೋ ಕಳ್ಳ ಒಳಗೆ ಸೇರಿಕೊಂಡಿದ್ದಾನೆ ಕಣಮ್ಮಾ. ಇಲ್ದಿದ್ರೆ ಅವಳೇ ಎದ್ದು ಬಂದು ಬೇಡ ಅಂತ ಒತ್ತಿದಳಾ? ಮೊದಲು ಆ ಖಾತೆ ಮುಚ್ಚಿಸು” ಅಂದರು. ಅವರು ಹೇಳುವುದೇ ಸರಿ. ಮುಚ್ಚಿಸಲು ಕುಳಿತೆ, ಕೈ ಬರಲಿಲ್ಲ.

ಇವತ್ತು ಮತ್ತೆ ಅನುಮತಿ ಕೇಳಿದ್ದೇನೆ. ಭಾವನಿಗೆ ಹೇಳಿಲ್ಲ. ಒಳಗಿರುವುದು ಯಾವುದೂ ನನಗೆ ಬೇಕಿಲ್ಲ ಅಕ್ಕಾ. ಬೇಡ ಅಂತಲಾದರೂ ಒತ್ತು.

ಕಾಯುತ್ತಿರುವ,
ನಿನ್ನ ತಂಗಿ