ಬ್ಯಾಡ ಅಂದರೆ ಹುಚ್ಚಲ್ಲ

ನೂಲಿನ ಗಿರಣಿಯ ಮಾನ್ಯ ಚೇರಮನ್ ಸಾಹೇಬರೇ,

ನಾನು ಹುಚ್ಚಿಯಲ್ಲ, ಹೆದರಿದವಳು. ಈ ಎರಡಕ್ಕೂ ನಿಮ್ಮ ಗಿರಣಿಯ ದವಾಖಾನೆಯಲ್ಲಿ ಒಂದೇ ಪದ ಇರುವುದರಿಂದ, ಬರುವ ಸೋಮವಾರ ನಿಮ್ಮ ಸಮಿತಿಯ ಮುಂದೆ ನಿಂತು ನನ್ನ ತಲೆ ನೆಟ್ಟಗಿದೆಯೆಂದು ನಾನೇ ತೋರಿಸಿಕೊಡಬೇಕಂತೆ. ಇಲ್ಲದಿದ್ದರೆ ಕೆಲಸ ಬಿಡಬೇಕಂತೆ. ನೋಟಿಸು ಮರಾಠಿಯಲ್ಲಿದೆ. ಉತ್ತರವನ್ನು ನಾನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ನಾಲ್ಕು ಜನ ಓದಲೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬರುವುದಿಲ್ಲ ಎನ್ನಬೇಡಿ. ಗಿರಣಿಯ ಚುನಾವಣೆಯಲ್ಲಿ, ಶೇರುದಾರನಾದ ನನ್ನ ಮಾವನ ಮತ ಕೇಳಲು ನಮ್ಮೂರು ಕವಲಾಪುರಕ್ಕೆ ಬಂದಾಗ, "ಅವ್ವಾರ, ಆರಾಮ ಅದೀರೇನ್ರಿ?" ಎಂದು ನನ್ನನ್ನೇ ಕೇಳಿದ್ದಿರಿ. ಆಗ ಆರಾಮವಾಗಿಯೇ ಇದ್ದೆ.

ಹದಿನೈದು ದಿನದ ಹಿಂದೆ ಬೆಳಗಿನ ಪಾಳಿಯಲ್ಲಿ, ನೂಲು ತೆಗೆಯುವ ರಿಂಗ್ ಖಾತೆಯಲ್ಲಿ ಎಂದಿನಂತೆ ಕಡಿದ ಎಳೆ ಕೂಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಎದೆ ಡವಡವ ಎನ್ನತೊಡಗಿತು. ಕೈ ಜೋಮು ಹಿಡಿಯಿತು, ಈಗಲೇ ಸಾಯುತ್ತೇನೆ ಎನಿಸಿತು. ಎಲ್ಲಿಯೂ ಬೆಂಕಿ ಬಿದ್ದಿರಲಿಲ್ಲ, ಯಂತ್ರಕ್ಕೆ ಕೈ ಸಿಕ್ಕಿರಲಿಲ್ಲ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದರು. ಏನೂ ಆಗದೆ ಸಾವಿನ ಭಯ ಬಂದರೆ ಅದನ್ನು ಯಾರಿಗೆ ಹೇಗೆ ಹೇಳುವುದು? ದವಾಖಾನೆಗೆ ಕರೆದೊಯ್ದರು. ಕಂಪೌಂಡರ್ ಸಾಹೇಬರು ಒಂದು ಮಾತೂ ಕೇಳದೆ ಸೂಜಿ ಹಿಡಿದು ಬಂದರು. "ಬ್ಯಾಡ, ಬ್ಯಾಡ" ಎಂದು ಕೈಮುಗಿದೆ. ಕನ್ನಡ ಬಾರದ ಅವರಿಗೆ ಕೇಳಿಸಿದ್ದು ಮರಾಠಿಯ 'ವೇಡ', ಅಂದರೆ ಹುಚ್ಚು. ರೋಗಿ ತನಗೆ ಹುಚ್ಚೆಂದು ತಾನೇ ಒಪ್ಪಿಕೊಂಡಿದ್ದಾಳೆ ಎಂದು ರಜಿಸ್ಟರಿನಲ್ಲಿ ಬರೆದುಬಿಟ್ಟರು. ಇಷ್ಟು ಪ್ರಾಮಾಣಿಕ ಹುಚ್ಚಿಯನ್ನು ತಾವು ಇನ್ನೆಲ್ಲಿ ಕಂಡೀರಿ?

ಮರುದಿನ ಮಿರಜಿನ ಆಸ್ಪತ್ರೆಯೊಂದಕ್ಕೆ ಹೋದೆ. ಡಾಕ್ಟರು ಪರೀಕ್ಷಿಸಿ ಹೃದಯ ಗಟ್ಟಿಯಿದೆ ಎಂದರು. ಅಲ್ಲಿಯ ನರ್ಸು ಸುನಂದಾಬಾಯಿ ನಮ್ಮ ಕಡೆಯವರು. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು: "ಇದು ಅಂಜಿಕಿ ಐತಿ, ಹುಚ್ಚಲ್ಲ. ಎದಿ ಹಾರಿದ್ರ ಹಾರ್ಲಿ, ಅದರ ಕೂಡ ಜಗಳಾ ತಗೀಬ್ಯಾಡ. ಕುಂತು ಕಾಲು ನೆಲಕ್ಕ ಊರು, ಉಸುರು ಸಾವಕಾಶ ಹೊರಗ ಬಿಡು. ಹತ್ತು ಮಿಂಟಿನ್ಯಾಗ ತಾನ ಇಳೀತೈತಿ."

"ಮತ್ತ ಬಂದ್ರ?"

"ಬರ್ತೈತಿ. ಬಂದದ್ದು ಹೋಗ್ತೈತಿ ಅನ್ನೂದು ಗೊತ್ತಿದ್ರ ಅರ್ಧಾ ಅಂಜಿಕಿ ಅಲ್ಲೇ ಹೋತು."

ಮತ್ತೆ ಬಂತು. ಮಿರಜ್ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅವರು ಹೇಳಿದಂತೆ ಮಾಡಿದೆ. ಹತ್ತಲ್ಲ, ಹದಿನೈದು ನಿಮಿಷ ಹಿಡಿಯಿತು, ಆದರೆ ಹೋಯಿತು.

ಈಗ ನನ್ನನ್ನು ತಿನ್ನುತ್ತಿರುವುದು ನಿಮ್ಮ ಸೋಮವಾರ. ಐದು ಜನ ದೊಡ್ಡವರು ಮೇಜಿನ ಆಚೆ ಕೂತು ನನ್ನನ್ನೇ ದಿಟ್ಟಿಸುವಾಗ ಕೈ ನಡುಗಿದರೆ? ಮಾತು ತೊದಲಿದರೆ? ಆಗ ನೀವು, ರಜಿಸ್ಟರು ಸುಳ್ಳು ಹೇಳುವುದಿಲ್ಲ ಎನ್ನುತ್ತೀರಿ. ಹೆದರಿದವಳನ್ನು ಇನ್ನಷ್ಟು ಹೆದರಿಸಿ, ಹೆದರಿದ್ದಾಳೋ ಇಲ್ಲವೋ ಎಂದು ನೋಡುವ ಈ ಪರೀಕ್ಷೆಯನ್ನು ಯಾವ ಶಾಲೆಯಲ್ಲಿ ಕಲಿತಿರಿ? ಮೂರು ದಿನದಿಂದ ಅನ್ನ ಸೇರುತ್ತಿಲ್ಲ, ಸಾಹೇಬರೇ. ನನಗೆ ನಿಜವಾಗಿಯೂ ಭಯವಾಗಿದೆ.

ನಿನ್ನೆ ನಲ್ಲಿಯ ಹತ್ತಿರ ನಮ್ಮ ಖಾತೆಯಲ್ಲೇ ಕೆಲಸ ಮಾಡುವ ಒಬ್ಬಳು ನನ್ನ ಸೆರಗು ಹಿಡಿದು ನಿಲ್ಲಿಸಿದಳು. "ಅಕ್ಕಾ, ನಂಗೂ ಹಂಗ ಆಗತೈತಿ. ನಿನ್ನ ಹೆಸರಿಗೆ ಹಂಗ ಬರದ ಮ್ಯಾಲೆ ನಾ ದವಾಖಾನಿ ಮೆಟ್ಟಲಾ ಹತ್ತಿಲ್ಲ" ಎಂದಳು. ಅವಳ ಹೆಸರು ನಾನು ಹೇಳುವುದಿಲ್ಲ, ನೀವು ಕೇಳಲೂಬೇಡಿ.

ನಾನು ಕೇಳುವುದು ಇಷ್ಟೇ. ಆ ಪದವನ್ನು ಹೊಡೆದುಹಾಕಿ, ಅಲ್ಲಿ 'ಭಯ' ಎಂದು ಬರೆಸಿ. ಸೂಜಿಗಿಂತ ಮೊದಲು ಏನಾಗಿದೆ ಎಂದು ಕೇಳುವ ಪದ್ಧತಿಯನ್ನು ದವಾಖಾನೆಗೆ ಕಲಿಸಿ. ಸೋಮವಾರ ನನಗೊಂದು ಕುರ್ಚಿ ಕೊಡಿ, ಕನ್ನಡದಲ್ಲಿ ಕೇಳಿ, ನಾನು ನಡುಗಿದರೆ ಅದು ಇಳಿಯುವ ತನಕ ಕಾಯಿರಿ. ನಾನಂತೂ ಬಂದೇ ಬರುತ್ತೇನೆ. ಬಾಗಿಲ ಹೊರಗೆ ನಿಂತ ಹೆಂಗಸರ ನಡುವೆ ಅವಳೂ ಇರುತ್ತಾಳೆ, ಇನ್ನು ಮುಂದೆ ದವಾಖಾನೆಗೆ ಹೋಗಬಹುದೋ ಇಲ್ಲವೋ ಎಂದು ತಿಳಿಯಲು.

ಇಂತಿ,
ಇಷ್ಟು ಬರೆಯಲು ಮೂರು ಸಲ ಎದ್ದು ನೀರು ಕುಡಿದ
ಇಂದ್ರವ್ವ
ರಿಂಗ್ ಖಾತೆ, ಬೆಳಗಿನ ಪಾಳಿ