ಏರುದಾರಿಯ ಭಾನುವಾರಗಳು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.20

ವ್ಯಾನಿನ ಬಿಸಿ ತೋರಿಸುವ ಮುಳ್ಳು ಮತ್ತೆ ಮೇಲೆ. ಆಸ್ಪತ್ರೆಯ ಹಿಂಬಾಗಿಲಲ್ಲಿ ಒಗೆದ ಬೆಡ್‌ಶೀಟಿನ ಗಂಟುಗಳನ್ನು ಇಳಿಸುವಷ್ಟರಲ್ಲಿ ಬಾನೆಟ್‌ನಿಂದ ಹಬೆ. ವಾಚ್‌ಮನ್ ಓಡಿ ಬಂದ. "ಮೇಡಂ, ಬೆಂಕಿ!" ಬೆಂಕಿ ಅಲ್ಲಪ್ಪಾ, ಹಬೆ. ಎರಡು ಬಾಟಲಿ ನೀರು ಹಾಕಿದೆ. ಗಟಗಟ ಕುಡಿದುಬಿಟ್ಟಿತು. ಬಗ್ಗಿ ನೋಡಿದರೆ ನೆಲವೆಲ್ಲ ಒದ್ದೆ. ಕುಡಿದದ್ದು ವ್ಯಾನಲ್ಲ, ರಸ್ತೆ.

ಇನ್ನೂ ಮೂರು ಲಾಡ್ಜಿಗೆ ಬಟ್ಟೆ ಇಳಿಸುವುದು ಬಾಕಿ. ನಿಂತು ನಿಂತು ಮುಗಿಸಬೇಕು.

ಭಾನುವಾರಕ್ಕೆ ಆರು ದಿನ. ಅಷ್ಟರೊಳಗೆ ಸರಿಹೋಗಲೇಬೇಕು.

ಮಾರ್ಚ್ 4, ಮಂಗಳವಾರ

ಮೆಕ್ಯಾನಿಕ್ ಟಾರ್ಚ್ ಹಾಕಿ ನೋಡಿದ. ಎದ್ದು ಕೈ ಒರೆಸಿಕೊಂಡ.

"ಅಕ್ಕಾ, ಇದು ರೇಡಿಯೇಟರ್ ಅಲ್ಲ, ಜರಡಿ."

"ಬೆಸುಗೆ ಹಾಕೋಕಾಗಲ್ವಾ?"

"ಹಾಕ್ತೀನಿ. ಊರೊಳಗೆ ಓಡಿಸ್ಕೊಳ್ಳಿ, ತೊಂದ್ರೆ ಇಲ್ಲ. ಗುಡ್ಡ ಹತ್ತಿಸಿದ್ರೆ ಮಾತ್ರ ನನ್ನ ಕೇಳ್ಬೇಡಿ. ಹೊಸದಾದ್ರೆ ಹದಿನಾರು ಸಾವಿರ, ಪೈಪು, ಕೂಲಿ ಎಲ್ಲ ಸೇರಿ. ಹದಿನೆಂಟು ವರ್ಷದ ಗಾಡಿಗೆ ಅಷ್ಟು ಸುರಿಯೋದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ."

ಗುಡ್ಡ ಹತ್ತಿಸದಿದ್ದರೆ ಈ ವ್ಯಾನ್ ನನಗೇಕೆ? ಕೆಲಸಕ್ಕೆ ಲಾಂಡ್ರಿಯ ಗಾಡಿಯನ್ನೇ ಕೊಡುತ್ತೇನೆ ಎಂದು ಓನರ್ ಎಷ್ಟೋ ಸಲ ಹೇಳಿದ್ದಾರೆ. ಇದನ್ನು ಇಟ್ಟುಕೊಂಡಿರುವುದು ತಿಂಗಳ ಎರಡು ಭಾನುವಾರಗಳಿಗೆ. ಎರಡನೆಯದು, ನಾಲ್ಕನೆಯದು. ಅಣ್ಣನ ಮನೆ ಗುಡ್ಡದ ಮೇಲಿನ ಊರಲ್ಲಿ. ಅಲ್ಲಿ ಕಪ್ಪೆ ಇದ್ದಾಳೆ.

ಕಪ್ಪೆ ಎಂದು ಹೆಸರಿಟ್ಟವಳು ನಾನೇ. ಕಣ್ಣು ಬಿಟ್ಟರೆ ವಟವಟ. ಅಣ್ಣನ ಮೊದಲ ಹೆಂಡತಿ ತೀರಿಕೊಂಡಾಗ ಎಂಟು ತಿಂಗಳ ಕೂಸು. ಅಣ್ಣ ಆಗ ಹಡಗಿನ ಕೆಲಸದಲ್ಲಿದ್ದ, ವರ್ಷಕ್ಕೆ ಎರಡು ತಿಂಗಳು ನೆಲದ ಮೇಲೆ. ಏಳು ವರ್ಷ ನನ್ನ ಮಗ್ಗುಲಲ್ಲೇ ಮಲಗಿದಳು. ಕಳೆದ ವರ್ಷ ಅವನು ಹಡಗು ಬಿಟ್ಟ, ಅಲ್ಲೊಂದು ಕಾರ್ಖಾನೆ ಸೇರಿದ, ಮದುವೆಯಾದ, ಮಗಳನ್ನು ಕರೆದುಕೊಂಡು ಹೋದ. ಅವನ ಮಗಳು. ತಪ್ಪೇನಿಲ್ಲ.

ಬಸ್ಸಿದೆ. ಬಸ್ಸಿನಲ್ಲಿ ಹೋದರೆ ಅವರ ಹಾಲ್‌ನಲ್ಲಿ ನೆಂಟರ ಹಾಗೆ ಕೂತು ಬರಬೇಕು. ವ್ಯಾನಾದರೆ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಎತ್ತಲಾದರೂ... ನಾವಿಬ್ಬರೇ.

ಬೆಸುಗೆ ಹಾಕಲು ಹೇಳಿ ಬಂದೆ.

ಮಾರ್ಚ್ 9, ಭಾನುವಾರ. ಸಂಜೆ

ಬಲಗೈ ಮಣಿಕಟ್ಟು ಸುಟ್ಟಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದರಿದ ಹಾಗಿದೆ.

ಏಳನೇ ತಿರುವಿನವರೆಗೂ ಚೆನ್ನಾಗಿಯೇ ಹತ್ತಿತು. ಎಂಟರಲ್ಲಿ ಮುಳ್ಳು ಕೆಂಪಿಗೆ. ನಿಲ್ಲಿಸಿದೆ. ಕಾಯಬೇಕಿತ್ತು. ಆಗಲೇ ಹತ್ತೂವರೆ, ಅವಳು ಗೇಟು ಹಿಡಿದುಕೊಂಡು ನಿಂತಿರುತ್ತಾಳೆ ಎಂದು... ಬಟ್ಟೆ ಸುತ್ತಿ ರೇಡಿಯೇಟರ್ ಮುಚ್ಚಳ ತಿರುಗಿಸಿಯೇಬಿಟ್ಟೆ. ಕುದಿನೀರು ಚಿಮ್ಮಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ.

ಅಣ್ಣನಿಗೆ ಫೋನು. ಅವನು ಡ್ಯೂಟಿಯಲ್ಲಿದ್ದ. ಅತ್ತಿಗೆಯೇ ಬಂದಳು, ಪಕ್ಕದ ಮನೆಯವರ ಕಾರು ಕೇಳಿಕೊಂಡು, ಎರಡು ಕ್ಯಾನ್ ನೀರು ತುಂಬಿಕೊಂಡು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ನನ್ನನ್ನು ಅಕ್ಕ ಎನ್ನುತ್ತಾಳೆ.

ಕಾರು ಸರಿಯಾಗಿ ನಿಲ್ಲುವ ಮುಂಚೆಯೇ ಕಪ್ಪೆ ಜಿಗಿದಳು. "ಅತ್ತೇ!" ನನ್ನ ಹೊಟ್ಟೆಗೆ ಢಿಕ್ಕಿ. ಆಮೇಲೆ ಕೈ ನೋಡಿದಳು. ತಿರುಗಿ ಕೂಗಿದಳು. "ಅಮ್ಮಾ! ಬೇಗ ಬಾ, ಅತ್ತೆ ಕೈ ಸುಟ್ಟುಹೋಗಿದೆ!"

ಅಮ್ಮ.

ಏಳು ವರ್ಷ ನಾನೇ ತಿದ್ದಿದ್ದೆ. ನಿದ್ದೆಗಣ್ಣಲ್ಲಿ ನನ್ನನ್ನು ಹಾಗೆ ಕರೆದರೆ, "ಅಮ್ಮ ಫೋಟೋದಲ್ಲಿರೋರು ಪುಟ್ಟಾ, ನಾನು ಅತ್ತೆ." ಹೋದವಳಿಗೆ ಅಷ್ಟಾದರೂ ಉಳಿಯಲಿ ಎಂದು. ಮಗುವಿನ ಬಾಯಿಗೆ ಬಂದ ಮಾತನ್ನು ಎಷ್ಟು ಸಲ ಹಿಂದಕ್ಕೆ ಕಳಿಸಿದ್ದೆನೋ.

ಅತ್ತಿಗೆ ನನ್ನ ಮುಖ ನೋಡಲಿಲ್ಲ. ಕೈಮೇಲೆ ತಣ್ಣೀರು ಸುರಿಯುತ್ತ ಮೆಲ್ಲಗೆ ಹೇಳಿದಳು. "ಹತ್ತು ದಿನ ಆಯ್ತು ಅಕ್ಕಾ, ಹಾಗೆ ಕರೆಯೋಕೆ ಶುರು ಮಾಡಿ. ನಾನು ಹೇಳಿಕೊಟ್ಟಿದ್ದಲ್ಲ. ನಿಮಗೆ ಫೋನಲ್ಲಿ ಹೇಳೋಕೆ ಬಾಯಿ ಬರ್ಲಿಲ್ಲ."

"ಒಳ್ಳೇದಾಯ್ತು ಬಿಡು."

ಮನೆಗೆ ಬನ್ನಿ ಎಂದಳು. ವ್ಯಾನ್ ಬಿಟ್ಟು ಹೇಗೆ ಬರಲಿ ಎಂದೆ. ನೆಪ. ಇಂಜಿನ್ ತಣ್ಣಗಾದ ಮೇಲೆ ನೀರು ತುಂಬಿಸಿ, ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ನಿಧಾನವಾಗಿ ಇಳಿಸಿಕೊಂಡು ಬಂದೆ. ಕಪ್ಪೆ ಕೈ ಬೀಸುತ್ತಲೇ ಇದ್ದಳು.

ಮಾರ್ಚ್ 11, ಮಂಗಳವಾರ

ಅಣ್ಣನ ಫೋನ್.

"ಆ ಡಬ್ಬಾನ ಗುಜರಿಗೆ ಹಾಕು. ನಿನಗೇನಾದ್ರೂ ಆಗಿದ್ರೆ?" ದನಿ ತಗ್ಗಿಸಿದ. "ಇನ್ನೊಂದು ಮಾತು. ನೀನು ಬಂದು ಹೋದ್ಮೇಲೆ ಎರಡು ದಿನ ಅವಳು ಸರಿಯಾಗಿ ಊಟ ಮಾಡಲ್ಲ. ಸ್ವಲ್ಪ ದಿನ ಬರ್ಬೇಡ ಕಣೇ. ಇಲ್ಲಿಗೆ ಹೊಂದಿಕೊಳ್ಳಲಿ."

"ಎಷ್ಟು ದಿನ?"

"ನೋಡೋಣ."

ನೋಡೋಣ ಎಂದರೆ ಎಷ್ಟು ದಿನ?

ಮಾರ್ಚ್ 22, ಶನಿವಾರ

ಹೊಸ ರೇಡಿಯೇಟರ್ ಹಾಕಿಸಿದೆ. ಹಲ್ಲು ಕಟ್ಟಿಸಲು ಎತ್ತಿಟ್ಟದ್ದು ಹೋಯಿತು. ಇನ್ನೊಂದು ವರ್ಷ ಎಡಗಡೆಯೇ ಅಗಿಯುತ್ತೇನೆ.

ಮೆಕ್ಯಾನಿಕ್ ತಲೆ ಚಚ್ಚಿಕೊಂಡ. "ಯಾವ ಗುಡ್ಡಕ್ಕೆ ಹೊರಟಿದೀರಿ ಅಕ್ಕಾ?"

"ಯಾವ ಗುಡ್ಡಕ್ಕೂ ಇಲ್ಲ."

"ಮತ್ತೆ?"

ಕರೆದ ದಿನ ಗಾಡಿ ಕೆಟ್ಟು ನಿಂತಿರಬಾರದು. ಅಷ್ಟೇ.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 9.30

ನಾಲ್ಕನೇ ಭಾನುವಾರ. ಟೆಸ್ಟ್ ಡ್ರೈವ್ ಎಂದು ನನಗೆ ನಾನೇ ಹೇಳಿಕೊಂಡು ಹೊರಟೆ. ಗುಡ್ಡದ ಬುಡದ ಪೆಟ್ರೋಲ್ ಬಂಕಿನವರೆಗೆ. ಮುಳ್ಳು ಕದಲಲಿಲ್ಲ. ಎದುರಿಗೇ ಮೊದಲ ತಿರುವು. ಇಂಜಿನ್ ಆರಿಸದೆ ಹತ್ತು ನಿಮಿಷ ನಿಂತೆ. ಬಂಕಿನ ಹೆಂಗಸು ಬಂದು, "ಎಷ್ಟಕ್ಕೆ ಹಾಕ್ಲಿ?" ಅಂದಳು. "ಬೇಡಮ್ಮಾ." ತಿರುಗಿಸಿಕೊಂಡು ಬಂದೆ.

ದಾರಿಯಲ್ಲಿ ನಾಯಿ ಅಡ್ಡ ಬಂತೆಂದು ಗಕ್ಕನೆ ಬ್ರೇಕ್ ಹಾಕಿದೆ. ಎಡಗೈ ತಾನಾಗಿಯೇ ಪಕ್ಕದ ಸೀಟಿಗೆ ಅಡ್ಡ ಹೋಯಿತು, ಅವಳು ಮುಂದಕ್ಕೆ ಬೀಳದಿರಲಿ ಎಂದು. ಖಾಲಿ ಸೀಟು. ಕೈ ಹಿಂದಕ್ಕೆ ತೆಗೆದುಕೊಳ್ಳಲು ಸ್ವಲ್ಪ ಹೊತ್ತಾಯಿತು.

ಏಪ್ರಿಲ್ 9, ಬುಧವಾರ

ಮಧ್ಯಾಹ್ನ ಅತ್ತಿಗೆಯ ಫೋನು. "ಕಪ್ಪೆಗೇನಾಯ್ತು?" ಎಂದೆ.

"ಏನಿಲ್ಲ ಅಕ್ಕಾ, ಗಾಬರಿಯಾಗ್ಬೇಡಿ. ಇವಳ ತಲೆ ಬಾಚೋಕೆ ನನ್ನ ಕೈಲಿ ಆಗ್ತಿಲ್ಲ. ದಿನಾ ಬೆಳಿಗ್ಗೆ ರಂಪ. ಅತ್ತೆ ಬಾಚಿದ್ರೆ ನೋಯಲ್ಲ, ನೀನು ಬಾಚಿದ್ರೆ ನೋಯುತ್ತೆ ಅಂತಾಳೆ. ಅದೇನು ಮಾಡ್ತಿದ್ರಿ ನೀವು?"

"ಬುಡದಿಂದ ಎಳೀಬಾರದು. ಮೊದಲು ತುದಿ. ಸಿಕ್ಕು ಬಿಡಿಸ್ತಾ ಬಿಡಿಸ್ತಾ ಮೇಲಕ್ಕೆ ಹೋಗ್ಬೇಕು. ಇನ್ನೊಂದು ಕೈಲಿ ಬುಡದಲ್ಲಿ ಗಟ್ಟಿಯಾಗಿ ಹಿಡ್ಕೊಂಡಿರು."

"ಇದೆಲ್ಲ ಫೋನಲ್ಲಿ ಬರಲ್ಲ. ಭಾನುವಾರ ಬಂದು ತೋರಿಸ್ಕೊಡಿ."

"ಅಣ್ಣ..."

"ಗೊಣಗ್ತಾರೆ. ಗೊಣಗ್ಲಿ. ಎರಡು ದಿನ ಊಟ ಬಿಡ್ತಾಳೆ ಅನ್ನೋದು ಅವರ ಕಣ್ಣಿಗೆ ಬಿತ್ತು. ನೀವು ಬರದೆ ತಿಂಗಳಾಯ್ತು, ಇವಳ ವಟವಟಾನೇ ನಿಂತುಹೋಗಿದೆ. ಅದು ಕಣ್ಣಿಗೆ ಬೀಳಲಿಲ್ಲ. ಬನ್ನಿ ಅಕ್ಕಾ. ಕರೀತಿರೋಳು ನಾನು."

ಹೂಂ ಎಂದೆ.

ನನಗೆ ಮಾತ್ರ ಗೊತ್ತಿದ್ದದ್ದು ಇದೊಂದು ಉಳಿದಿತ್ತು. ತೋರಿಸಿಕೊಟ್ಟರೆ ಇದೂ ಅವಳದಾಗುತ್ತದೆ. ಆಗಲಿ. ಮಗುವಿಗೆ ನೋಯುವುದಂತೂ ತಪ್ಪುತ್ತದೆ.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ 8.05

ಅವರ ಗೇಟಿನ ಹೊರಗೆ. ಒಂಬತ್ತಕ್ಕೆ ಎಂದಿದ್ದೆ, ಬೇಗ ಬಂದುಬಿಟ್ಟೆ. ಎಂಟನೇ ತಿರುವು ಯಾವಾಗ ಬಂತು, ಯಾವಾಗ ಹೋಯಿತು, ತಿಳಿಯಲೇ ಇಲ್ಲ. ಈಗಲೇ ಒಳಗೆ ಹೋಗಲು ಮುಜುಗರ. ಸ್ಟೀರಿಂಗ್ ಮೇಲೆ ಪುಸ್ತಕವಿಟ್ಟು ಬರೆಯುತ್ತಿದ್ದೇನೆ.

ಅಣ್ಣನ ಹತ್ತಿರ ಜಗಳ ಬೇಡ. ಸಂಜೆ ಹೊರಡುವಾಗ ನಗಬೇಕು. ಕಪ್ಪೆ ಅತ್ತಿಗೆಯನ್ನು ಅಮ್ಮ ಎಂದು ಕರೆದಾಗ ಮುಖ ಬೇರೆ ಕಡೆ ತಿರುಗಿಸ—

ಬಾಗಿಲು ತೆರೆಯಿತು. ಅತ್ತಿಗೆ ಮೆಟ್ಟಿಲ ಮೇಲೆ, ಕೈಯಲ್ಲಿ ಬಾಚಣಿಗೆ. ಅವಳ ಪಕ್ಕದಿಂದ ನುಗ್ಗಿಕೊಂಡು ಕಪ್ಪೆ. ಕೆದರಿದ ತಲೆ, ಬರಿಗಾಲು. ಉದ್ದ ಆಗಿದ್ದಾಳೆ. ನನ್ನನ್ನೇ ನೋಡಿಕೊಂಡು ಓಡಿ ಬರುತ್ತಿದ್ದಾಳೆ. ಏನೋ ಕರೆಯುತ್ತಿದ್ದಾಳೆ. ಎರಡೇ ಅಕ್ಷರ. ಅತ್ತೆಯೋ, ಅಮ್ಮನೋ. ಗಾಜು ಮೇಲಿದೆ, ಕೇಳಿಸುತ್ತಿ—