ಅನ್ನಮ್ಮ ಬೀರಿದ ರೊಟ್ಟಿ

೧೩ ಜನವರಿ ೨೦೨೫, ಸೋಮವಾರ. ಭೋಗಿ. ಕುಷ್ಟಗಿ.

ಕಳೆದ ಭೋಗಿಗೆ ನನ್ನ ತಂಗಿ ಅನ್ನಮ್ಮ ಓಣಿಯ ಮನೆಮನೆಗೆ ಬೀರಿದ ಸಜ್ಜಿ ರೊಟ್ಟಿಯನ್ನು ಪಕ್ಕದ ಮನೆಯ ನೀಲವ್ವ ಎಮ್ಮೆಗೆ ಹಾಕಿದ್ದಳು. ಅನ್ನಮ್ಮನಿಗಿರುವ ಎದೆಯ ಕ್ಯಾನ್ಸರ್ ಅವಳ ಕೈಯಿಂದ ಅಂಟುತ್ತದಂತೆ! ನಾನು ಮರೆತಿಲ್ಲ. ಜೀವಕೋಶಕ್ಕೆ 'ಒಡೆದು ಎರಡಾಗು' ಎನ್ನುವ ಪ್ರೋಟೀನುಗಳು ಅವಳ ಮೈಯೊಳಗೇ ಹದ್ದು ಮೀರಿವೆ, ಅದು ರೊಟ್ಟಿಯಲ್ಲಿ ಬರುವುದಲ್ಲ ಎಂದು ಓಣಿಗೆಲ್ಲ ಹೇಳಿ ಸಾಕಾಗಿತ್ತು. ಆ ಪ್ರೋಟೀನುಗಳನ್ನೇ ತಡೆಯುವ ಗುಳಿಗೆ ಈಗ ಕೆಲಸ ಮಾಡಿದೆ. ಮೊನ್ನೆಯ ಸ್ಕ್ಯಾನಿನಲ್ಲಿ ಗಂಟು ಅರ್ಧಕ್ಕಿಳಿದಿದೆ.

ಸುದ್ದಿ ಕೇಳಿ ಇವತ್ತು ನೀಲವ್ವ ತಾನೇ ಬಂದಳು.

"ಅನ್ನಮ್ಮಕ್ಕ, ಈ ಸಲ ನಮ್ಮನಿಗೆ ರೊಟ್ಟಿ ಬರಲಿಲ್ಲಲ್ಲ?"

"ಯಾಕ, ನಿಮ್ಮ ಎಮ್ಮಿ ಕೇಳಿ ಕಳಿಸೈತೇನು?" ಅಂದಳು ತಂಗಿ.

ಉಣ್ಣುತ್ತಿದ್ದ ಅನ್ನಮ್ಮನ ಪಕ್ಕದಲ್ಲೇ ನೀಲವ್ವ ಕೂತು ಉಂಡಳು. ಪಲ್ಯ ಸಾಲದೆ ಅನ್ನಮ್ಮನ ತಾಟಿಗೇ ಕೈ ಹಾಕಿದಳು. ಬೈಯಲೆಂದು ವರ್ಷವಿಡೀ ಕಾದವನು ನಾನು, ಇನ್ನಷ್ಟು ಪಲ್ಯ ತರಲು ಎದ್ದೆ.